ಅತಿ ಕಡಿಮೆಯವರಿಗೇ ಆರ್ಡರ್

ಐವತ್ತು ದಾಟಿದ ಗಂಡಸು ಹೆಂಡತಿಯ ಸ್ಕೂಟರಿನ ಹಿಂದೆ ಚೀಲ ಹಿಡಿದುಕೊಂಡು ಕೂರುವುದು ಅವಮಾನವೋ ಆರಾಮವೋ ಎಂಬ ಪ್ರಶ್ನೆಗೆ ಕೊಟೇಶನ್ ಸಾಹೇಬರು ಇನ್ನೂ ಉತ್ತರ ಕಂಡುಕೊಂಡಿರಲಿಲ್ಲ. ಬೆಳಿಗ್ಗೆ ಆಫೀಸಿಗೆ ಹೊರಟಾಗ ಆರಾಮ ಅನ್ನಿಸುತ್ತಿತ್ತು. ಸಿಗ್ನಲ್ಲಿನಲ್ಲಿ ಪಕ್ಕದ ಬಸ್ಸಿನವರು ಕಿಟಕಿಯಿಂದ ಇಣುಕಿದಾಗ ಅವಮಾನ ಅನ್ನಿಸುತ್ತಿತ್ತು. ಅವರಿಗೆ ಯಾವ ವಾಹನವನ್ನೂ ಓಡಿಸಲು ಬಾರದು. ಒಮ್ಮೆ ಕಲಿಯಲು ಹೋಗಿ ಡ್ರೈವಿಂಗ್ ಸ್ಕೂಲಿನ ಗೇಟಿಗೇ ಸ್ಕೂಟರ್ ಗುದ್ದಿದ್ದರು. (ಗೇಟು ರಸ್ತೆಗೆ ತೀರಾ ಹತ್ತಿರ ಇತ್ತು ಎಂಬುದು ಅವರ ವಾದ. ಗೇಟು ಮತ್ತೆಲ್ಲಿರಬೇಕಿತ್ತು ಎಂಬುದು ಹೆಂಡತಿಯ ವಾದ.)

‘ಕೊಟೇಶನ್ ಸಾಹೇಬರು’ ಎಂಬ ಬಿರುದನ್ನು ದಯಪಾಲಿಸಿದವಳೂ ಆ ಹೆಂಡತಿಯೇ. ಹಾಸಿಗೆ, ದಿಂಬು ತಯಾರಿಸುವ ಕಂಪನಿಯಲ್ಲಿ ಅವರದು ಖರೀದಿ ವಿಭಾಗ. ಹತ್ತಿಯಿಂದ ಹಿಡಿದು ಗುಂಡುಪಿನ್ನಿನವರೆಗೆ ಏನೇ ಕೊಳ್ಳಲಿ, ಮೂರು ಕಡೆಯಿಂದ ಕೊಟೇಶನ್ ತರಿಸಬೇಕು, ಅತಿ ಕಡಿಮೆ ಹೇಳಿದವರಿಗೆ ಆರ್ಡರ್ ಕೊಡಬೇಕು, ಉಳಿದಿಬ್ಬರಿಗೆ ವಿಷಾದಿಸುತ್ತೇವೆ ಎಂದು ಸಭ್ಯವಾದ ಪತ್ರ ಕಳಿಸಬೇಕು. ಇದು ಕಂಪನಿಯ ನಿಯಮ. ಸಾಹೇಬರ ಮೈಯಲ್ಲಿ ಅದು ರಕ್ತದ ಜೊತೆಗೇ ಹರಿಯುತ್ತಿತ್ತು. ಮನೆಗೆ ಬಾಚಣಿಗೆ ಬೇಕಾದರೂ ಮೂರು ಅಂಗಡಿ ಸುತ್ತುತ್ತಿದ್ದರು. ಕ್ಷೌರದಂಗಡಿಯಲ್ಲಿ ದರ ವಿಚಾರಿಸಿ, “ಆಮೇಲೆ ತಿಳಿಸ್ತೀನಿ” ಎಂದು ಎದ್ದು ಬರುತ್ತಿದ್ದರು. ಕೊನೆಗೆ ಅತಿ ಕಡಿಮೆ ಹೇಳಿದವನಿಗೆ ತಲೆ ಒಪ್ಪಿಸಿ, ನಾಲ್ಕು ದಿನ ಟೋಪಿ ಹಾಕಿಕೊಂಡು ಓಡಾಡುತ್ತಿದ್ದರು.

ಒಂದು ದಿನ ಕಂಪನಿಯ ಒಡತಿ ಮೇಡಂ ಅವರನ್ನು ಕರೆದು, “ನಮ್ಮ ಕಂಪ್ಯೂಟರ್ ಆನ್ ಆಗೋಷ್ಟರಲ್ಲಿ ನನ್ನ ಟೀ ತಣ್ಣಗಾಗುತ್ತೆ. ಎಲ್ಲಾನೂ ಬದಲಾಯಿಸಿಬಿಡಿ. ಬಿಡಿಭಾಗ ಕೊಂಡು ಜೋಡಿಸಿದ್ರೆ ಅಗ್ಗ ಅಂತಾರೆ. ಯಾವ ಭಾಗ ಬೇಕು ಅಂತ ನೀವೇ ಆರಿಸಿ. ಅದರಲ್ಲಿ ಒಂದನ್ನ ನಿಮ್ಮ ಮನೇಲಿ ಇಟ್ಕೊಳ್ಳಿ, ತಿಂಗಳ ಕೊನೆ ಲೆಕ್ಕ ಮನೇಲೇ ಮುಗಿಸ್ಬಹುದು” ಎಂದರು.

ಕಂಪ್ಯೂಟರಿನ ವಿಷಯದಲ್ಲಿ ಸಾಹೇಬರ ಜ್ಞಾನ ಅದನ್ನು ಆನ್ ಮಾಡುವ ಗುಂಡಿಯ ಹೊರಮೈಗೇ ನಿಂತಿತ್ತು. ಆದರೆ ಒಳಗೇನಿದೆ ಎಂದು ನೋಡದಿದ್ದರೆ ಸಮಾಧಾನವಾಗದ ಸ್ವಭಾವ ಅವರದು. ದಿಂಬು ಕೊಳ್ಳಲು ಬಂದವರೂ ಹೊಲಿಗೆ ಬಿಚ್ಚಿ ನೋಡಬೇಕು ಎಂದು ಬಯಸುವಂಥವರು. ಆ ಸಂಜೆಯೇ ಕಂಪ್ಯೂಟರ್ ಅಂಗಡಿಗಳ ಬೀದಿಗೆ ಹೋದರು.

ಮೊದಲನೆಯ ಅಂಗಡಿಯವನು ಒಂದೇ ಉಸಿರಿನಲ್ಲಿ ಹೇಳಿದ್ದರಲ್ಲಿ ಒಂದಕ್ಷರವೂ ಅರ್ಥವಾಗಲಿಲ್ಲ. ಎರಡನೆಯ ಅಂಗಡಿಯಲ್ಲಿ ಒಬ್ಬ ಹೆಂಗಸು ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು ಕೂತಿದ್ದಳು. ಅವಳು ಏನೂ ಹೇಳದೆ ಒಂದು ಕಂಪ್ಯೂಟರಿನ ಪಕ್ಕದ ಬಾಗಿಲನ್ನೇ ತೆಗೆದಳು. ಸಾಹೇಬರು ಮೂಗು ತೂರಿಸಿದರು. ಅಕ್ಷರಶಃ ತೂರಿಸಿದರು, ಫ್ಯಾನು ತಗಲುವುದರಲ್ಲಿತ್ತು.

“ಬರೀ ಆಫೀಸ್ ಕೆಲಸಕ್ಕಾ ಸರ್, ಇಲ್ಲಾ ಯಾರಾದ್ರೂ ಸ್ವಲ್ಪ ಗೇಮ್ ಗೀಮ್ ಆಡ್ತಾರಾ?” ಅಂಗಡಿಯಾಕೆ ಕೇಳಿದಳು.

“ಆಡಿದ್ರೆ ಏನಾಗುತ್ತೆ?”

“ಏನೂ ಆಗಲ್ಲ. ಭಾಗ ಆರಿಸೋದು ಸ್ವಲ್ಪ ಬೇರೆ ಆಗುತ್ತೆ. ಇಲ್ಲಿ ನೋಡಿ.”

ಪರದೆಯ ಮೇಲೆ ಒಂದು ಕೆಂಪು ಕಾರು ಬಂದು ನಿಂತಿತು. ಮುಂದೆ ಬೆಟ್ಟದ ದಾರಿ, ಒಂದು ಪಕ್ಕಕ್ಕೆ ಸಮುದ್ರ. “ಈ ಬಾಣದ ಕೀ ಒತ್ತಿ, ಹೋಗುತ್ತೆ” ಎಂದಳು. ಸಾಹೇಬರು ತಮಗೆ ಬಾರದು ಎಂದರು. ಒತ್ತಿದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಅವಳು ಧೈರ್ಯ ಹೇಳಿದಳು. ಒತ್ತಿದರು. ಕಾರು ಹೊರಟಿತು. ಎಲ್ಲೂ ಗೇಟು ಇರಲಿಲ್ಲ. ಜೀವನದಲ್ಲಿ ಮೊದಲ ಸಲ ಒಂದು ವಾಹನ ಅವರ ಮಾತು ಕೇಳಿತ್ತು, ಅವರಿಗೆ ಕುಣಿಯುವಷ್ಟು ಖುಷಿಯಾಯಿತು. ಈ ಕಾರು ತಮ್ಮ ಮನೆಗೆ ಬರಬೇಕು, ದಿನಾ ಸಂಜೆ ಯಾರ ಹಿಂದೆಯೂ ಕೂರದೆ ತಾವೇ ಓಡಿಸಬೇಕು ಎಂದು ಅಲ್ಲೇ ನಿಶ್ಚಯಿಸಿಬಿಟ್ಟರು.

ಅಂಗಡಿಯಾಕೆ ಭಾಗಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು. “ಗ್ರಾಫಿಕ್ಸ್ ಕಾರ್ಡ್ ಅಂತ ಬೇರೆ ತಗೋಬೇಡಿ, ನಿಮ್ಮ ಬಜೆಟ್ ಅಲ್ಲೇ ಮುಗಿಯುತ್ತೆ. ಚಿತ್ರ ಬಿಡಿಸೋ ಭಾಗ ಒಳಗೇ ಇರೋ ಪ್ರೊಸೆಸರ್ ಬರುತ್ತೆ, ಅದು ಸಾಕು. ಆದ್ರೆ ಅದಕ್ಕೆ ಸ್ವಂತ ಮೆಮೊರಿ ಇರಲ್ಲ, ಕಂಪ್ಯೂಟರ್‌ನ ರ್‍ಯಾಮ್‌ನಲ್ಲೇ ಪಾಲು ಕೇಳುತ್ತೆ. ಅದಕ್ಕೇ ಒಂದು ದೊಡ್ಡ ರ್‍ಯಾಮ್ ಬದಲು ಎರಡು ಚಿಕ್ಕದು ಹಾಕ್ಬೇಕು. ಮನೆಗೆ ಎರಡು ಬಾಗಿಲಿದ್ದ ಹಾಗೆ, ಬೇಗ ಹೋಗಿ ಬರುತ್ತೆ.”

“ಒಂದೇ ಹಾಕಿದ್ರೆ?”

“ಲೆಕ್ಕ ಬರೆಯೋಕೆ ಸಾಕು. ಕಾರು ತಡವರಿಸುತ್ತೆ. ಇನ್ನೊಂದು ಮಾತು ಸರ್, ಒಳಗೆ ಕರೆಂಟ್ ಕೊಡೋ ಡಬ್ಬಿ, ಅದೇ ಪವರ್ ಸಪ್ಲೈ, ಅದನ್ನ ಮಾತ್ರ ಕಡಿಮೆ ಅಂತ ತಗೋಬೇಡಿ. ಕಡಿಮೆಯದು ಯಾಕೆ ಕಡಿಮೆ ಅಂತ ಮೊದಲು ಕೇಳ್ಬೇಕು.”

ಇಷ್ಟು ವರ್ಷದ ಖರೀದಿ ಜೀವನದಲ್ಲಿ ಸಾಹೇಬರು ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಎಷ್ಟು ಕಡಿಮೆ ಎಂದು ಕೇಳುತ್ತಿದ್ದರು, ಅಷ್ಟೆ. ತಲೆಯಾಡಿಸಿ, ಅದೇ ಭಾಗಗಳನ್ನು ಬರೆದು ಆ ಬೀದಿಯ ಮೂರು ಅಂಗಡಿಗೆ ಕೊಟ್ಟರು. ಅದೃಷ್ಟಕ್ಕೆ ಆಕೆಯ ದರವೇ ಅತಿ ಕಡಿಮೆ ಬಂತು. ನಿಯಮವೂ ಉಳಿಯಿತು, ಕಾರೂ ಉಳಿಯಿತು.

ಮನೆಯಲ್ಲಿ ಊಟಕ್ಕೆ ಕೂತಾಗ ಆ ಜ್ಞಾನವನ್ನೆಲ್ಲ ಬಡಿಸಿದರು. ಹೆಂಡತಿಗೆ ದಂತವೈದ್ಯರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಕೆಲಸ. ಹಲ್ಲು ಸಿಡಿಯುತ್ತಿದ್ದರೂ ‘ಏನೂ ಇಲ್ಲ’ ಅನ್ನುವವರ ಮುಖಗಳನ್ನು ದಿನವೂ ನೋಡುವವಳು. ಗಂಡನ ಮುಖವನ್ನು ಅದೇ ಕಣ್ಣಿನಲ್ಲಿ ನೋಡಿದಳು.

“ಅಲ್ಲಾ ರೀ, ದಿಂಬಿನ ಲೆಕ್ಕ ಬರೆಯೋಕೆ ಚಿತ್ರ ಬಿಡಿಸೋ ಶಕ್ತಿ ಯಾಕೆ?”

“ದೊಡ್ಡ ದೊಡ್ಡ ಕೋಷ್ಟಕ ಇರುತ್ತೆ ಕಣೇ.”

“ಕೋಷ್ಟಕ ಏನು ಓಡಾಡುತ್ತಾ?”

“ಮೇಲೆ ಕೆಳಗೆ ಓಡಾಡಿಸ್ಬೇಕಾಗುತ್ತಲ್ಲ.”

ಜೊತೆಯಲ್ಲೇ ಇದ್ದ ಅತ್ತೆಯವರು, ಅಂದರೆ ಹೆಂಡತಿಯ ತಾಯಿ, ಇಷ್ಟೂ ಹೊತ್ತು ಕಿವಿ ನೆಟ್ಟಗೆ ಮಾಡಿಕೊಂಡು ಕೇಳುತ್ತಿದ್ದರು. “ಅಳಿಯಂದ್ರೇ, ಆ ಎರಡು ರ್‍ಯಾಮು ಒಂದೇ ಅಳತೇದು ಇರ್ಬೇಕಾ, ಹೆಚ್ಚುಕಮ್ಮಿ ಆದ್ರೂ ನಡೆಯುತ್ತಾ?” ಎಂದು ಕೇಳಿದರು.

ಸಾಹೇಬರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. “ಒಂದೇ ಅಳತೇದು ಇದ್ರೆ ಒಳ್ಳೇದಂತೆ ಅತ್ತೆ. ನಿಮಗ್ಯಾಕೆ?”

“ಸುಮ್ನೆ. ತಿಳ್ಕೊಂಡಿರೋಣ ಅಂತ.”

ಮರುದಿನ ಮೇಡಂ ಕಾಗದದ ಮೇಲೆ ಬೆರಳಿಟ್ಟು, ರ್‍ಯಾಮ್ ಎರಡೆರಡು ಯಾಕೆ ಎಂದು ಕೇಳಿದರು. ಸಾಹೇಬರು ಕಾಗದವನ್ನು ಒಮ್ಮೆ ತಿರುಗಿಸಿ ನೋಡಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. “ಒಂದು ಕೈಕೊಟ್ರೆ ಇನ್ನೊಂದು ಇರುತ್ತಲ್ಲ ಮೇಡಂ” ಎಂದರು. ಅದು ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಮೇಡಂ ಮೆಚ್ಚಿಕೊಂಡು ಸಹಿ ಹಾಕಿದರು.

ಹೀಗೆ ಸಾಹೇಬರ ಮನೆಯ ನಡುಕೋಣೆಯ ಮೂಲೆಗೆ ಕಂಪ್ಯೂಟರ್ ಚಿತ್ತೈಸಿತು. ಅಂಗಡಿಯಾಕೆ ಕೇಳದಿದ್ದರೂ ಕಾರಿನ ಆಟವನ್ನು ಅದರಲ್ಲಿ ಹಾಕಿಕೊಟ್ಟಿದ್ದಳು. (ಸಾಹೇಬರು ಕೇಳಲಿಲ್ಲ ನಿಜ. ಆದರೆ ಅವಳೆದುರು ಮೂರು ಸಲ ಕೆಮ್ಮಿದ್ದರು.) ಸಂಜೆ ಅವರು ಬಸ್ಸಿನಲ್ಲಿ ಮನೆಗೆ ಬರುವಾಗ ಹೆಂಡತಿ ಇನ್ನೂ ಕ್ಲಿನಿಕ್ಕಿನಲ್ಲಿರುತ್ತಿದ್ದಳು, ಅತ್ತೆಯವರು ಪಕ್ಕದ ಮನೆಗೆ ಹರಟೆಗೆ ಹೋಗಿರುತ್ತಿದ್ದರು. ಅಷ್ಟು ಹೊತ್ತು ಸಾಮ್ರಾಜ್ಯ ಅವರದೇ. ಕಾರನ್ನು ಬಂಡೆಗೆ ಗುದ್ದಿದರು, ಅಂಗಡಿಯೊಳಗೆ ನುಗ್ಗಿಸಿದರು, ಸಮುದ್ರಕ್ಕೆ ಇಳಿಸಿದರು. ದಿನೇ ದಿನೇ ಗುದ್ದುವುದು ಕಡಿಮೆಯಾಯಿತು. ಕುರ್ಚಿಯ ಮೇಲೆ ಯಾವಾಗಲೂ ಅತ್ತೆಯವರ ಮೆತ್ತನೆಯ ದಿಂಬು ಇರುತ್ತಿತ್ತು. ಅಳಿಯನ ಸೊಂಟದ ಮೇಲೆ ಅತ್ತೆಗೆ ಎಷ್ಟು ಅಕ್ಕರೆ ಎಂದು ಸಾಹೇಬರು ಕರಗಿಹೋದರು.

ಒಂದು ಸಂಜೆ ದಂತವೈದ್ಯರಿಗೇ ಹಲ್ಲುನೋವು ಬಂದು ಕ್ಲಿನಿಕ್ ಬೇಗ ಮುಚ್ಚಿತು. ಹೆಂಡತಿ ಬಾಗಿಲು ತೆರೆದು ಒಳಗೆ ಬಂದಾಗ ಗಂಡ ಕುರ್ಚಿಯಲ್ಲಿ ಪೂರ್ತಿ ಬಲಕ್ಕೆ ವಾಲಿ, ನಾಲಿಗೆ ಕಚ್ಚಿಕೊಂಡು ಕೂತಿದ್ದರು. ಅವಳು ಸದ್ದಿಲ್ಲದೆ ಹಿಂದೆ ಬಂದು ನಿಂತಳು.

“ತಿಂಗಳ ಕೊನೆ ಲೆಕ್ಕ ತುಂಬಾ ತಿರುವಿನಲ್ಲಿ ಹೋಗ್ತಿದೆ ಅನ್ಸುತ್ತೆ.”

ಕಾರು ಸೀದಾ ಸಮುದ್ರಕ್ಕೆ ಬಿತ್ತು. ಸಾಹೇಬರ ಮುಖ ಇಂಗು ತಿಂದ ಮಂಗನಂತಾಯಿತು. “ಇದು... ಭಾರ ಪರೀಕ್ಷೆ. ಹೊಸ ಯಂತ್ರ ಎಷ್ಟು ತಡ್ಕೊಳ್ಳುತ್ತೆ ಅಂತ ನೋಡ್ಬೇಕಲ್ಲ.”

“ಹೌದಾ? ಏಳಿ, ನಾನೂ ಒಂದು ಪರೀಕ್ಷೆ ಮಾಡ್ತೀನಿ.”

ಕೂತಳು. ಒಂದು ಸಲ ಕಾರನ್ನು ಬಂಡೆಗೆ ಉಜ್ಜಿದಳು, ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋದಳು. ಅಷ್ಟರಲ್ಲಿ ಪಕ್ಕದ ಮನೆಯಿಂದ ಬಂದ ಅತ್ತೆಯವರು, “ಹಾಗಾದ್ರೆ ನನಗೂ ಒಂದು ಸರದಿ ಇರ್ಲಿ” ಎಂದರು. ಸುತ್ತಿನ ಮೇಲೆ ಸುತ್ತು ಹೊಡೆದರೂ ಮಗಳು ಏಳಲಿಲ್ಲ.

“ನನಗೂ ದಿನಾ ಒಂದಿಷ್ಟು ಹೊತ್ತು ಬೇಕು ರೀ. ಇಡೀ ದಿನ ಹಲ್ಲುನೋವಿನವರನ್ನ ನೋಡಿ ನೋಡಿ ಸಾಕಾಗಿರುತ್ತೆ” ಎಂದಳು.

“ನನ್ನನ್ನೇನು ಮನೇಲಿ ಗೋಡೆಗೆ ಹೊಡೆದ ಮೊಳೆ ಅಂದ್ಕೊಂಡ್ರಾ?” ಎಂದರು ಅತ್ತೆಯವರು.

ಸಾಹೇಬರು ಕಂಗಾಲಾದರು. ಇರುವುದು ಒಂದೇ ಕುರ್ಚಿ, ಒಂದೇ ಸಂಜೆ. ಅದನ್ನು ಹಂಚಿಕೊಂಡರೆ ತಮ್ಮ ಪಾಲಿಗೆ ಸಿಗುವುದು ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯುವಷ್ಟು ಹೊತ್ತು. ಆಗ ಅವರಿಗೊಂದು ಅಮೋಘ ಉಪಾಯ ಹೊಳೆಯಿತು. ತಾವು ಇಷ್ಟು ದಿನ ಗುಟ್ಟಾಗಿ ಅಭ್ಯಾಸ ಮಾಡಿದ್ದಾರೆ. ಹೆಂಡತಿ ಕೈಯಿಟ್ಟದ್ದು ಇವತ್ತು. ಅತ್ತೆಯವರು ಇನ್ನೂ ಮುಟ್ಟಿಯೇ ಇಲ್ಲ. ಗಂಟಲು ಸರಿಮಾಡಿಕೊಂಡರು.

“ಕಂಪ್ಯೂಟರ್ ಆಫೀಸಿನದು. ಆಫೀಸಿನ ನಿಯಮದ ಪ್ರಕಾರವೇ ತೀರ್ಮಾನ ಆಗ್ಲಿ. ಮೂರು ಕೊಟೇಶನ್. ಒಬ್ಬೊಬ್ಬರಿಗೆ ಒಂದೇ ಸುತ್ತು. ಯಾರು ಅತಿ ಕಡಿಮೆ ಹೊತ್ತಲ್ಲಿ ಮುಗಿಸ್ತಾರೋ ಸಂಜೆ ಅವರದು. ಆಮೇಲೆ ಕೊಸರಾಡೋ ಹಾಗಿಲ್ಲ.”

“ಅವರು ಬರದೇ ಇದ್ದ ದಿನ?” ಅತ್ತೆಯವರು ಕೇಳಿದರು.

“ಎರಡನೆಯವರಿಗೆ. ಅದೂ ನಿಯಮವೇ.”

“ಮೂರನೆಯವರಿಗೆ?” ಹೆಂಡತಿ ಕೇಳಿದಳು.

“ಅವರಿಗೆ ವಿಷಾದ ಪತ್ರ” ಎಂದು ಸಾಹೇಬರು ಉದಾರವಾಗಿ ನಕ್ಕರು.

ಹೆಂಡತಿ ಮೊದಲು ಓಡಿಸಿದಳು. ದಿನವೂ ಕಿಕ್ಕಿರಿದ ರಸ್ತೆಯಲ್ಲಿ, ಹಿಂದೆ ಒಬ್ಬ ಗಂಡನನ್ನೂ ಅವನ ಸಲಹೆಗಳನ್ನೂ ಹೊತ್ತು ಸ್ಕೂಟರ್ ಓಡಿಸುವವಳಿಗೆ ಖಾಲಿ ಬೆಟ್ಟದ ದಾರಿ ಯಾವ ಲೆಕ್ಕ. ಸಾಹೇಬರ ನಗು ಸ್ವಲ್ಪ ಬಾಡಿತು. ಆಮೇಲೆ ಅತ್ತೆಯವರು ದಿಂಬು ಸರಿಮಾಡಿಕೊಂಡು ಕೂತರು. ಕನ್ನಡಕ ಮೇಲೇರಿಸಿದರು. ಯಾರ ಸಹಾಯವೂ ಇಲ್ಲದೆ ಆಟ ತೆರೆದು, ಹಳದಿ ಬಣ್ಣದ ಕಾರನ್ನು ಆರಿಸಿದರು. ಕಾರಿನ ಬಣ್ಣ ಬದಲಾಯಿಸಬಹುದು ಎಂಬುದೇ ಸಾಹೇಬರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ದಿಂಬು ಯಾರ ಸೊಂಟಕ್ಕಾಗಿ ಅಲ್ಲಿರುತ್ತಿತ್ತು ಎಂಬುದು ಆಗ ಹೊಳೆಯಿತು.

“ಅತ್ತೆ, ನೀವು ಇದನ್ನ ಯಾವಾಗ...?”

“ದಿನಾ ಮಧ್ಯಾಹ್ನ ಧೂಳು ಒರೆಸ್ತೀನಲ್ಲಪ್ಪ” ಎನ್ನುತ್ತಾ ಅತ್ತೆಯವರು ಕಡಿದಾದ ತಿರುವನ್ನು ದಾಟಿದರು. ಸುತ್ತು ಮುಗಿದಾಗ ಅವರು ಮಗಳಿಗಿಂತ ಕೂದಲೆಳೆಯಷ್ಟು ಹಿಂದಿದ್ದರು.

ಇನ್ನು ಸಾಹೇಬರು. ಅವರ ಬತ್ತಳಿಕೆಯಲ್ಲಿ ಒಂದು ಬ್ರಹ್ಮಾಸ್ತ್ರವಿತ್ತು. ಬೆಟ್ಟದ ತುದಿಯಲ್ಲಿ ದಾರಿ ಮೂರಾಗಿ ಒಡೆಯುತ್ತದೆ. ಎಲ್ಲರೂ ಹೋಗುವುದು ನಡುವಿನ ಅಗಲ ರಸ್ತೆಯಲ್ಲಿ. ಪರದೆಯ ಮೂಲೆಯ ಪುಟ್ಟ ನಕ್ಷೆಯಲ್ಲಿ ಸಾಹೇಬರು ಮೂರನ್ನೂ ಹೋಲಿಸಿ ನೋಡಿಟ್ಟಿದ್ದರು. ಎಡಗಡೆಯದು ಎಲ್ಲಕ್ಕಿಂತ ಗಿಡ್ಡ. ಅತಿ ಕಡಿಮೆ. ಇಂಥ ಒಂದು ದಿನಕ್ಕೆಂದೇ ಅದನ್ನು ಮುಟ್ಟದೆ ಕಾಪಾಡಿಕೊಂಡಿದ್ದರು.

ಆರಂಭ ಚೆನ್ನಾಗಿಯೇ ಆಯಿತು. ಬಂಡೆ ತಪ್ಪಿತು, ಅಂಗಡಿ ತಪ್ಪಿತು. ಹೆಂಡತಿಯೂ ಅತ್ತೆಯೂ ಉಸಿರು ಬಿಗಿಹಿಡಿದರು. ದಾರಿ ಮೂರಾಗುವಲ್ಲಿ ಸಾಹೇಬರು ಎಡಕ್ಕೆ ತಿರುಗಿಸಿದರು.

“ಅಳಿಯಂದ್ರೇ, ಆ ಕಡೆ ಬೇಡ” ಎಂದರು ಅತ್ತೆಯವರು.

“ಇದೇ ಕಡಿಮೆ ಅತ್ತೆ.”

“ಯಾಕೆ ಕಡಿಮೆ ಅಂತ ನೋಡಿದ್ರಾ?”

ನೋಡಿರಲಿಲ್ಲ. ತಿರುವು ಕಳೆದ ಮೇಲೆ ಕಂಡಿತು. ಆ ದಾರಿಯಲ್ಲಿ ಡಾಂಬರೇ ಇರಲಿಲ್ಲ, ಮೊಣಕಾಲುದ್ದ ಕೆಸರು. ಕೆಂಪು ಕಾರು ಅದರಲ್ಲಿ ಗುರ್ ಗುರ್ ಎನ್ನುತ್ತಾ ಹೂತುಕೊಂಡು ನಿಂತಿತು. ಅಂಗಡಿಯಾಕೆಯ ಮಾತು ಸಾಹೇಬರ ಕಿವಿಯಲ್ಲಿ ಗುಂಯ್‌ಗುಟ್ಟಿತು. ಎರಡು ರ್‍ಯಾಮ್‌ಗಳ ದಯೆಯಿಂದ ಕೆಸರಿನ ಒಂದೊಂದು ಹನಿಯೂ ಒಂಚೂರೂ ತಡವರಿಸದೆ, ಬಲು ಸ್ಪಷ್ಟವಾಗಿ ಹಾರಿ ಕಾರಿನ ಗಾಜಿಗೆ ಬಡಿಯುತ್ತಿತ್ತು.

ಅವರು ಸುತ್ತು ಮುಗಿಸುವಷ್ಟರಲ್ಲಿ ಹೆಂಡತಿ ಚಹಾ ಮಾಡಿಕೊಂಡು ಬಂದಿದ್ದಳು. ಯಾರು ಗೆದ್ದರು ಎಂದು ಯಾರೂ ಕೇಳಲಿಲ್ಲ.

“ಇಲ್ಲ, ಅಂದ್ರೆ, ಕೆಸರನ್ನ ಲೆಕ್ಕಕ್ಕೆ ಹಿಡೀಬಾರದು” ಎಂದು ಸಾಹೇಬರು ಶುರುಮಾಡಿದರು.

“ಕೊಸರಾಡೋ ಹಾಗಿಲ್ಲ ಅಂತ ಅಂದೋರು ಯಾರು?” ಎಂದಳು ಹೆಂಡತಿ.

“ಹೋಗ್ಲಿ, ನೀನು ಬರದೇ ಇದ್ದ ದಿನವಾದ್ರೂ...”

“ಒಂದು ಕೈಕೊಟ್ರೆ ಇನ್ನೊಂದು ಇದೀನಲ್ಲ ಅಳಿಯಂದ್ರೇ” ಎಂದರು ಅತ್ತೆಯವರು. ಮೇಡಂಗೆ ಕೊಟ್ಟ ಉತ್ತರವನ್ನು ತಾವೇ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದು ಸಾಹೇಬರಿಗೆ ನೆನಪಾಯಿತು.

ನಿಯಮದಂತೆ ವಿಷಾದ ಪತ್ರವೂ ಹೊರಡಬೇಕಾಯಿತು. ಮನೆಯಲ್ಲಿ ಅಂಥ ಪತ್ರ ಬರೆದು ಅಭ್ಯಾಸವಿದ್ದವರು ಸಾಹೇಬರೊಬ್ಬರೇ. ಹಾಗಾಗಿ ‘ತಾವು ತೋರಿದ ಆಸಕ್ತಿಗೆ ಧನ್ಯವಾದಗಳು, ಈ ಬಾರಿ ತಮಗೆ ಅವಕಾಶ ನೀಡಲಾಗದ್ದಕ್ಕೆ ವಿಷಾದಿಸುತ್ತೇವೆ’ ಎಂದು ತಮಗೆ ತಾವೇ ಬರೆದುಕೊಂಡು, ಹೆಂಡತಿಯಿಂದ ಸಹಿ ಹಾಕಿಸಿ, ಜೇಬಿನಲ್ಲಿಟ್ಟುಕೊಂಡರು.

ಈಗ ತಿಂಗಳ ಕೊನೆಯ ಲೆಕ್ಕವನ್ನು ಸಾಹೇಬರು ಆಫೀಸಿನಲ್ಲೇ ಮುಗಿಸಿ ಬರುತ್ತಾರೆ. ಸಂಜೆ ಹೆಂಡತಿ ಕ್ಲಿನಿಕ್ಕಿನಿಂದ ಬಂದವಳೇ ಕೈಚೀಲವನ್ನು ಗಂಡನ ಕೈಗೆ ಕೊಟ್ಟು ಕಂಪ್ಯೂಟರಿನ ಮುಂದೆ ಕೂರುತ್ತಾಳೆ. ಆ ಬೆಟ್ಟದ ದಾರಿಯ ಮೇಲಿನ ಆಸೆ ಸಾಹೇಬರಿಗೆ ಇನ್ನೂ ಹೋಗಿಲ್ಲ. ಅಡುಗೆಮನೆಯಿಂದ ಒಂದು ಸ್ಟೂಲು ತಂದು, ಅವಳ ಹಿಂದೆ ಹಾಕಿಕೊಂಡು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾರೆ. ತಿರುವು ಬಂದಾಗ ಅಭ್ಯಾಸಬಲದಿಂದ ಅವಳು ವಾಲಿದ ಕಡೆಗೇ ವಾಲುತ್ತಾರೆ.