ಬಸ್‌ಸ್ಟ್ಯಾಂಡಿನ ಅಜ್ಜಿಯ ಓಟು

ಮೇಷ್ಟ್ರಾದವನಿಗೆ ಪಾಠ ಹೇಳುವುದಷ್ಟೇ ಕೆಲಸ ಎಂದು ತಿಳಿದವರು ನಮ್ಮ ಕಂಕುಳಲ್ಲಿ ಮತದಾರರ ಪಟ್ಟಿ ಇದ್ದದ್ದನ್ನು ನೋಡಿಲ್ಲ. ಅದು ಇದ್ದಷ್ಟು ದಿನ ಒಂದಲ್ಲ ಒಂದು ಫಜೀತಿ ತಪ್ಪುತ್ತಿರಲಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲೆ ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಅಜ್ಜಿಯೊಬ್ಬಳಿಂದ ಆದ ಫಜೀತಿಯಂತೂ ನನಗೆ ಇವತ್ತಿಗೂ ಇಷ್ಟ.

ಮನೆ ನಂಬರು

ಅಜ್ಜಿ ಗುಡೇಕೋಟೆ ಕಡೆಯವಳು. ಹಗಲು ಈಚಲ ಕಸಬರಿಗೆ ಮಾರುವುದು, ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗುವುದು. ಹಿಂದಿನ ಚುನಾವಣೆಯಲ್ಲಿ ಸಾಲಿನಲ್ಲಿ ನಿಂತು, ಪಟ್ಟಿಯಲ್ಲಿ ಹೆಸರಿಲ್ಲವೆಂದು ಎಲ್ಲರೆದುರು ವಾಪಸು ಬಂದಿದ್ದಳು. ಆ ಅವಮಾನ ಮರೆತಿರಲಿಲ್ಲ. ಈ ಸಲ ಹೆಸರು ಸೇರಿಸಲು ತಾನೇ ನನ್ನನ್ನು ಹುಡುಕಿಕೊಂಡು ಬಂದಳು.

"ಮನಿ ನಂಬರ್ ಎಷ್ಟವ್ವ?" ಎಂದೆ.

"ನಂಬರ್ ಇಲ್ರಿ. ಹಡಗಲಿ ಬಸ್ ನಿಲ್ತೈತಲ್ಲ, ಅಲ್ಲೇ ಕಂಬದ ಬುಡಕ್ಕ."

"ಎಷ್ಟು ವರ್ಷದಿಂದ ಅದೀ?"

"ಮಂತ್ರಿ ಬಂದಾಗೊಮ್ಮೆ ಆ ಕಂಬಕ್ಕ ಬಣ್ಣ ಹಚ್ತಾರ. ನಾಕು ಬಣ್ಣ ನೋಡೀನಿ. ನೀವ ಲೆಕ್ಕ ಹಾಕ್ಕೊಳ್ರಿ."

ಮಲಗಿದ್ದನ್ನು ನೋಡುವುದು

ಮನೆಯಿಲ್ಲದವರಿಗೆ ವಿಳಾಸದ ಕಾಗದ ಬೇಡ ಎಂದರು ಮೇಲಿನವರು. ಆದರೆ ನಾನೇ ರಾತ್ರಿ ಹೋಗಿ, ಅವರು ಆ ಜಾಗದಲ್ಲಿ ಮಲಗಿರುವುದನ್ನು ಕಣ್ಣಾರೆ ಕಂಡು ಬರೆಯಬೇಕಂತೆ. ಬರುತ್ತೇನೆಂದು ಅಜ್ಜಿಗೆ ಮೊದಲೇ ಹೇಳಿದ್ದು ನನ್ನ ದೊಡ್ಡ ತಪ್ಪು.

ಹೋಗಿ ನೋಡಿದರೆ ಕಂಬದ ಸುತ್ತ ಗುಡಿಸಿ, ನೀರು ಚಿಮುಕಿಸಿ, ಗೋಣಿಚೀಲ ಹಾಸಿ, ತಲೆ ಬಾಚಿಕೊಂಡು ಕೂತಿದ್ದಾಳೆ! "ಕುಂದರ್ರಿ ಮೇಷ್ಟ್ರ" ಎಂದು ಟೀ, ಮಂಡಕ್ಕಿ, ಎರಡು ಮಿರ್ಚಿ ಮುಂದಿಟ್ಟಳು.

"ಯವ್ವ, ಇವೆಲ್ಲ ಬ್ಯಾಡ. ನೀನು ಮಲಗಬೇಕು, ನಾನು ನೋಡಬೇಕು."

"ಮನಿಗೆ ಬಂದೋರ ಮುಂದ ಕಾಲು ಚಾಚಿ ಮಕ್ಕಂತಾರೇನ್ರಿ? ನಮ್ಮವ್ವ ನನ್ನ ಹಂಗ ಬೆಳೆಸಿಲ್ಲ."

ವರದಿಯಲ್ಲಿ 'ಮಲಗಿರಲಿಲ್ಲ' ಎಂದು ಬರೆದೆ. ಮಿರ್ಚಿ ಚೆನ್ನಾಗಿತ್ತು ಎಂದು ಬರೆಯಲು ಕಾಲಂ ಇರಲಿಲ್ಲ.

ಕೊನೆಯ ರಾತ್ರಿ

ಮರುದಿನ ಹೇಳದೆ ಹೋದೆ. ನನ್ನ ಸೈಕಲ್ಲಿನ ಸದ್ದಿಗೇ ಎದ್ದು ಸೆರಗು ಸರಿಮಾಡಿಕೊಂಡಳು. ಅರ್ಜಿ ಒಪ್ಪಿಸಲು ಒಂದೇ ದಿನ ಉಳಿದಿತ್ತು. ಅದೂ ತಪ್ಪಿದರೆ ಅಜ್ಜಿ ಮತ್ತೆ ಆ ಸಾಲಿನಿಂದ ತಲೆ ತಗ್ಗಿಸಿ ಬರಬೇಕಿತ್ತು.

ಮೂರನೆಯ ರಾತ್ರಿ ಹಠ ಹಿಡಿದೆ. ಅವಳು ಮಲಗುವವರೆಗೆ ಏಳುವುದಿಲ್ಲವೆಂದು ನಾನು ಕೂತೆ. ನಾನು ಹೋಗುವವರೆಗೆ ಮಲಗುವುದಿಲ್ಲವೆಂದು ಅವಳು ಕೂತಳು. ಹಗಲೆಲ್ಲ ಬಿಸಿಲಿನಲ್ಲಿ ಮನೆಮನೆ ಅಲೆದಿದ್ದೆ, ಕಣ್ಣು ಯಾವಾಗ ಮುಚ್ಚಿದವೋ ಗೊತ್ತಾಗಲಿಲ್ಲ.

"ಸಾವಕಾಶ ಮಾತಾಡ್ರಿ! ಪಾಪ, ಈಗ ಮಕ್ಕೊಂಡಾರ" ಎಂದು ಅಜ್ಜಿ ಯಾರನ್ನೋ ಗದರುವುದು ಕೇಳಿ ಎಚ್ಚರವಾಯಿತು. ನನ್ನ ಮೈಮೇಲೆ ಅವಳ ಕೌದಿ. ಎದುರಿಗೆ, ನಮ್ಮ ಕೆಲಸದ ತಪಾಸಣೆಗೆ ಬಂದ ಸಾಹೇಬರು.

"ಇಲ್ಲಿ ವಾಸ ಇರೋರು ಯಾರು?" ಎಂದರು ಸಾಹೇಬರು.

"ನಾನರಿ. ಇವರು ಬಂದ ನೆಂಟರು. ನೀವೂ ಕುಂದರ್ರಿ, ಇನ್ನೊಂದು ಚೀಲ ಐತಿ."

ಸಾಹೇಬರು ನಿಜವಾಗಿಯೂ ಕೂತರು. ನಾನು ಎದ್ದು ನಿಂತು ಬೆವರುತ್ತಿದ್ದರೆ, ಅವರು ನನ್ನ ಕೈಯಿಂದ ಅರ್ಜಿ ತೆಗೆದುಕೊಂಡು 'ಹೆಸರು ಸೇರಿಸಿ' ಎಂದು ಬರೆದು ಸಹಿ ಹಾಕಿದರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು:

'ಮನೆಯೊಡತಿ ಎಚ್ಚರವಾಗಿದ್ದರು. ಮಲಗಿದ್ದವರು ಮೇಷ್ಟ್ರು.'