ಸೋದರಮಾವ ಚಿಕ್ಕಪ್ಪನಾದ ಪ್ರಸಂಗ

ಸಂಬಳವಿಲ್ಲದ ಉದ್ಯೋಗಕ್ಕೆ ರಜೆಯೂ ಇರುವುದಿಲ್ಲವೆಂಬ ಸತ್ಯವನ್ನು ಗ್ರಂಥಪಾಲಕರು ಹದಿನೆಂಟು ವರ್ಷಗಳ ಹಿಂದೆಯೇ ಕಂಡುಕೊಂಡಿದ್ದರು. ಕಂಡುಕೊಂಡದ್ದನ್ನು ದಿನಕ್ಕೊಮ್ಮೆ ಹೆಂಡತಿಗೆ ತಿಳಿಸುತ್ತಲೂ ಬಂದಿದ್ದರು. ವಾರದ ಆರು ದಿನ ಅವರು ಪುಸ್ತಕಗಳನ್ನು ಕಾಯುವರು. ಏಳನೆಯ ದಿನವಿಡೀ, ಉಳಿದ ಆರು ದಿನಗಳ ಸಂಜೆಯಲ್ಲೂ, ಜಪಾನಿನ ಅನಿಮೆ ಧಾರಾವಾಹಿಗಳ ಅಡಿಯಲ್ಲಿ ಕನ್ನಡದ ಸಾಲುಗಳನ್ನು ಕೂರಿಸುವ ಸ್ವಯಂಸೇವಕರ ಬಳಗವೊಂದನ್ನು ನಡೆಸುವರು. (ಮೇಲೆ ಬಣ್ಣದ ಬೊಂಬೆಗಳು ತಮ್ಮ ಭಾಷೆಯಲ್ಲಿ ಮಾತನಾಡುತ್ತವೆ, ಕೆಳಗೆ ನಮ್ಮ ಭಾಷೆಯಲ್ಲಿ ಅದರ ಅರ್ಥ ಹಾದುಹೋಗುತ್ತದೆ. ಕೆಲಸ ಇಷ್ಟೇ. ಈ ‘ಇಷ್ಟೇ’ ಎಂಬ ಮಾತನ್ನು ಅವರ ಮನೆಯಲ್ಲಿ ಮಾತ್ರ ಆಡಕೂಡದು.)

ಒಂದು ಕಾಲಕ್ಕೆ ಬಳಗದಲ್ಲಿ ಇಪ್ಪತ್ತಾರು ಮಂದಿ ಇದ್ದರು. ಕೆಲವರಿಗೆ ಮದುವೆಯಾಯಿತು, ಕೆಲವರಿಗೆ ಬುದ್ಧಿ ಬಂತು. ಈಗ ಉಳಿದವರು ಮೂವರು. ಜಪಾನಿ ಬಲ್ಲ ಔಷಧಿ ಅಂಗಡಿಯಾಕೆ ಅನುವಾದಕಿ. ಬಳಗದವರು ಇಟ್ಟ ಹೆಸರು ಗುಳಿಗೆ. ಬಸ್ ಡಿಪೋದ ಟೈಮ್‌ಕೀಪರ್, ಯಾವ ಸಾಲು ಯಾವ ಕ್ಷಣದಲ್ಲಿ ಮೂಡಿ ಯಾವ ಕ್ಷಣದಲ್ಲಿ ಮರೆಯಾಗಬೇಕೆಂದು ಗೊತ್ತುಪಡಿಸುವವನು. ಇವರಿಬ್ಬರನ್ನೂ ತಿದ್ದುವವರು ಗ್ರಂಥಪಾಲಕರು. ಗುಳಿಗೆ ‘ಹೋಗೋಣ ಬಾ’ ಎಂದು ಬರೆದರೆ, ಹಳೆಯ ಗದ್ಯದಲ್ಲಿ ಮಿಂದೆದ್ದ ಅವರ ಲೇಖನಿ ಅದನ್ನು ‘ಇನ್ನು ವಿಳಂಬಿಸದೆ ಪ್ರಯಾಣಕ್ಕೆ ಸನ್ನದ್ಧರಾಗೋಣ’ ಎಂದು ಉದ್ಧರಿಸುತ್ತಿತ್ತು.

“ಸಾರ್, ಆ ಹುಡುಗ ಬಾಯಿ ತೆಗೆದು ಮುಚ್ಚೋದಕ್ಕೆ ಒಂದೂವರೆ ಸೆಕೆಂಡು. ನಿಮ್ಮ ಸಾಲು ಓದಿ ಮುಗಿಸೋ ಹೊತ್ತಿಗೆ ಅವನು ಹೋಗಿ, ಇದ್ದು, ವಾಪಸ್ ಬಂದಿರ್ತಾನೆ,” ಎಂದು ಟೈಮ್‌ಕೀಪರ್ ಗೊಣಗುವನು.

“ಓದುಗರಿಗೆ ಅಭ್ಯಾಸ ಬೇಕಪ್ಪಾ. ನಮ್ಮತ್ತೆಯವರನ್ನ ನೋಡು, ಎಂಬತ್ತು ದಾಟಿದೆ, ಒಂದು ಕಂತೂ ಬಿಟ್ಟಿಲ್ಲ,” ಎಂದು ಗ್ರಂಥಪಾಲಕರು ಅವನ ಬಾಯಿ ಮುಚ್ಚಿಸುವರು.

ಅದು ನಿಜವೇ. ಮನೆಯಲ್ಲೇ ಇದ್ದ ಅತ್ತೆ, ಕಡಲತೀರದ ದೀಪಸ್ತಂಭ ಕಾಯುವ ತರುಣನೊಬ್ಬನ ಕುರಿತ ಧಾರಾವಾಹಿಯ ನಾನೂರ ಹನ್ನೊಂದು ಕಂತುಗಳನ್ನೂ ಪರದೆಗೆ ಮುಖವಿಟ್ಟು, ತುಟಿಯಲ್ಲಾಡಿಸುತ್ತಾ ನೋಡಿದ್ದರು. ಅಳಿಯನ ಪಾಲಿಗೆ ಆ ಅಲ್ಲಾಡುವ ತುಟಿಗಳೇ ಹದಿನೆಂಟು ವರ್ಷದ ಸಂಭಾವನೆ. ಇಂದು ಭಾನುವಾರ, ಸಂಜೆ ಐದಕ್ಕೆ, ನಾನೂರ ಹನ್ನೆರಡನೆಯ ಮತ್ತು ಕೊನೆಯ ಕಂತು ಹೊರಬೀಳಬೇಕು. ತರುಣನಿಗೂ, ಅವನನ್ನು ಸಾಕಿದ ಸೋದರಮಾವನ ಮಗಳಿಗೂ ಮದುವೆ. ಅತ್ತೆ ಅದೇ ಮೆಟ್ಟಿಲು ಹತ್ತುವ ಆರು ಮನೆಯವರನ್ನು ಕರೆದು ಬಂದಿದ್ದರು.

ಬೆಳಿಗ್ಗೆ ಹನ್ನೊಂದಕ್ಕೆ ಗುಳಿಗೆ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು.

“ಸಾರ್, ಕೆಟ್ಟೆವು. ಕೊನೇ ಕಂತು ಈಗ ತಾನೇ ನೋಡಿ ಮುಗಿಸಿದೆ. ಆ ಮಾವ ಇದ್ದಾನಲ್ಲ, ಅವನು ಮಾವ ಅಲ್ಲ.”

“ಮತ್ತೆ?”

“ಚಿಕ್ಕಪ್ಪ. ಮದುವೆ ಮನೇಲಿ ಪೆಟ್ಟಿಗೆ ತೆಗೆದು ಹಳೇ ಫೋಟೋ ತೋರಿಸ್ತಾನೆ. ‘ನಾನೂ ನಿಮ್ಮಪ್ಪನೂ ಒಂದೇ ತಾಯಿ ಮಕ್ಕಳು’ ಅಂತಾನೆ. ಆಮೇಲೆ ನಾಲ್ಕು ನಿಮಿಷ ಎಲ್ಲರೂ ಅಳ್ತಾರೆ.”

ಗ್ರಂಥಪಾಲಕರು ಕುರ್ಚಿಯ ಕೈಯನ್ನು ಹಿಡಿದುಕೊಂಡರು. ತಂದೆಯ ತಮ್ಮನ ಮಗಳು! ಆ ದೇಶದಲ್ಲಿ ಅದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಹಿರಿಯ ಬಂಧು ತಂದೆಯ ಕಡೆಯವನೋ ತಾಯಿಯ ಕಡೆಯವನೋ ಎಂದು ಬಿಡಿಸಿ ಹೇಳುವ ಗೋಜೂ ಅಲ್ಲಿಲ್ಲ. ಆದರೆ ಕನ್ನಡದಲ್ಲಿ ಅವಳು ತಂಗಿ. ನಾಲ್ಕು ಸಾವಿರ ಕನ್ನಡಿಗರ ಕಣ್ಣೆದುರಿಗೆ, ಗ್ರಂಥಪಾಲಕರ ಸಹಿಯ ಮೇಲೆ, ಅಣ್ಣನೊಬ್ಬ ತಂಗಿಯ ಕೈಹಿಡಿಯಲಿದ್ದ.

“ಅವತ್ತೇ ‘ಅಂಕಲ್’ ಅಂತ ಬರೆದಿದ್ದೆ, ಸಾರ್,” ಎಂದಳು ಗುಳಿಗೆ ಮೆಲ್ಲಗೆ.

“‘ಕನ್ನಡಕ್ಕೆ ಸಂಬಂಧವಾಚಕಗಳ ದಾರಿದ್ರ್ಯವೇ’ ಅಂತ ಕೂಗಾಡಿದ್ರಲ್ಲ, ನನಗೂ ನೆನಪಿದೆ,” ಎಂದಳು ಅಡುಗೆಮನೆಯಿಂದ ಹೆಂಡತಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವ ಆಕೆಗೆ ತಪ್ಪು ವಿಳಾಸದ ಪತ್ರಗಳನ್ನು ಕಳಿಸಿದವರಿಗೇ ಹಿಂದಿರುಗಿಸುವ ಅಭ್ಯಾಸ ಚೆನ್ನಾಗಿತ್ತು. “ಅವತ್ತು ನಾನೇ ಎದ್ದು ಬಾಗಿಲು ಹಾಕಿಕೊಂಡು ಬಂದೆ, ಅಕ್ಕಪಕ್ಕದವರು ಹೆದರ್ತಾರೆ ಅಂತ.”

“ನೀನು ಸುಮ್ಮನಿರೇ! ಮನೆ ಹೊತ್ತಿ ಉರೀತಿದೆ.”

ಅಷ್ಟರಲ್ಲಿ ಟೈಮ್‌ಕೀಪರನೂ ಬಂದ. ಊಟದ ಮೇಜಿನ ಸುತ್ತ ಸಭೆ ಸೇರಿತು. ಗ್ರಂಥಪಾಲಕರು ಹಳೆಯ ಕ್ಯಾಲೆಂಡರಿನ ಹಾಳೆ ಮಗುಚಿ ವಂಶವೃಕ್ಷ ಬರೆದರು.

“ಹಿಂದಿನ ಕಂತುಗಳಲ್ಲೆಲ್ಲ ಚಿಕ್ಕಪ್ಪ ಅಂತ ತಿದ್ದಿಬಿಡೋಣ ಸಾರ್,” ಎಂದ ಟೈಮ್‌ಕೀಪರ್.

“ಆಗ ಅವರಿಬ್ಬರೂ ಮೊದಲನೇ ಕಂತಿನಿಂದಲೇ ಅಣ್ಣತಂಗಿ ಆಗ್ತಾರೆ, ಮಹಾನುಭಾವಾ! ಬೆಳದಿಂಗಳಲ್ಲಿ ಕೈಕೈ ಹಿಡಿದು ಓಡಾಡಿದ ಅರವತ್ತು ಕಂತು ಏನು ಮಾಡ್ತೀಯಾ?”

“ಹಾಗಾದ್ರೆ ಹುಡುಗ ಸಾಕುಮಗ ಅನ್ನೋಣ,” ಎಂದ ಅವನು.

“ಅವನು ಹುಟ್ಟಿದ್ದನ್ನ ಒಂದಿಡೀ ಕಂತು ತೋರಿಸಿದ್ದಾರೆ,” ಎಂದಳು ಹೆಂಡತಿ. “ಬಟ್ಟೆ ಮಡಿಸ್ತಾ ನೋಡಿದ್ದೀನಿ. ಪಾಪ, ಎಂಟು ಗಂಟೆ ನೋವು ತಿಂದಳು.”

“ಫೋಟೋ ಬಂದಾಗ ಏನೂ ಬರೆಯೋದೇ ಬೇಡ,” ಎಂದ ಟೈಮ್‌ಕೀಪರ್.

“ನಾಲ್ಕು ನಿಮಿಷ ಅಷ್ಟೂ ಜನ ಅಳ್ತಾರೆ,” ಎಂದಳು ಗುಳಿಗೆ. “ಯಾಕೆ ಅಂತ ಗೊತ್ತಾಗ್ದೆ ನೋಡೋರು ಅಳಲೋ ಬೇಡವೋ?”

ಅತ್ತೆ ಹೆರಳು ಕಟ್ಟಿಕೊಳ್ಳುತ್ತ ಇಣುಕಿ ನೋಡಿದರು. “ಏನಾಯ್ತು ಅಳಿಯಂದ್ರೇ, ಸಾವಿನ ಮನೆ ಥರ ಕೂತಿದ್ದೀರಾ? ಆ ಹುಡುಗನ ಮದುವೆ ಇವತ್ತು ತಾನೇ? ನೋಡಿ, ಇನ್ನೊಂದು ವಾರ ಕಾಯಿ ಅಂದ್ರೆ ನನ್ನಿಂದಾಗಲ್ಲ. ಹದಿನೆಂಟು ವರ್ಷ ಕಾದಿದ್ದೀನಿ. ನನ್ನ ಮಗಳಿಗೆ ಗಂಡು ಹುಡುಕೋವಾಗಲೂ ಇಷ್ಟು ಕಾಯಲಿಲ್ಲ.”

“ಕಾಯಬೇಕಿತ್ತು,” ಎಂದಳು ಹೆಂಡತಿ.

ಮೂಲದಲ್ಲಿ ಇಲ್ಲದ ಒಂದಕ್ಷರವನ್ನೂ ಸೇರಿಸುವುದಿಲ್ಲವೆಂಬುದು ಬಳಗದ ಪ್ರಥಮ ನಿಯಮ. ಅದನ್ನು ಬರೆದವರೂ ಗ್ರಂಥಪಾಲಕರೇ. ‘ಬೇಡ’ ಎಂಬಲ್ಲಿ ‘ಬೇಡವೇ ಬೇಡ’ ಎಂದು ಬರೆದ ತಪ್ಪಿಗೆ ಅವರು ಒಬ್ಬ ಪ್ರತಿಭಾವಂತನನ್ನು ಬಳಗದಿಂದಲೇ ಹೊರಗಟ್ಟಿದ್ದರು. ಈಗ ಅವರು ಎದ್ದು ದೇವರ ಪಟಕ್ಕೆ ಕೈಮುಗಿದರು. ಕುಳಿತು, ಆ ನಿಯಮದ ಕತ್ತು ಹಿಸುಕಿದರು. ಫೋಟೋದ ಹುಡುಗರಿಬ್ಬರು ಬರಿಯ ಗೆಳೆಯರಾದರು. ‘ನಿನ್ನ ತಂದೆಯೂ ನಾನೂ ಒಡಹುಟ್ಟಿದವರಂತೆ ಬೆಳೆದ ಪ್ರಾಣಸ್ನೇಹಿತರು, ನನ್ನ ಅಕ್ಕನನ್ನು ಅವನಿಗೆ ಧಾರೆಯೆರೆಯಬೇಕೆಂಬ ಸಂಕಲ್ಪವು ಆ ಎಳವೆಯಲ್ಲಿಯೇ ಅಂಕುರಿಸಿತ್ತು’ ಎಂದು ಆರಂಭವಾಗಿ, ಇಪ್ಪತ್ತಮೂರು ಸಾಲುಗಳ ಶುದ್ಧ ಸುಳ್ಳು ಸರ್ವಾಂಗಸುಂದರವಾಗಿ ನಿರ್ಮಾಣವಾಯಿತು. ಮಾವ ಮಾವನಾಗಿಯೇ ಉಳಿದ. ಮೂರು ಗಂಟೆಯಾಗಿತ್ತು.

“ಇದು ಹಿಡಿಸಲ್ಲ ಸಾರ್. ಅವನು ಅನ್ನೋದು ನಾಲ್ಕೇ ಮಾತು,” ಎಂದ ಟೈಮ್‌ಕೀಪರ್.

“ಹಿಡಿಸು!”

“ಅನುವಾದ ಅಂತ ಇರೋ ಕಡೆ ನನ್ನ ಹೆಸರು ತೆಗೆದುಬಿಡಿ,” ಎಂದಳು ಗುಳಿಗೆ. “ಮಾನ ಇರೋಳು ನಾನು.”

ಐದಕ್ಕೆ ಹತ್ತು ನಿಮಿಷವಿದ್ದಾಗ ಕಂತು ಲೋಕಾರ್ಪಣೆಯಾಯಿತು. ಅತ್ತೆ ಮುಂದಿನ ಕುರ್ಚಿಯಲ್ಲಿ, ಆರು ಮನೆಯ ಹೆಂಗಸರು ಅವರ ಎರಡು ಮಗ್ಗುಲಲ್ಲಿ, ಬಳಗದವರು ಹಿಂದೆ ಅಪರಾಧಿಗಳಂತೆ ಗೋಡೆಗೊರಗಿ. ಚಿತ್ರ ಓಡಿತು. ಪೆಟ್ಟಿಗೆ ತೆರೆಯಿತು. ಫೋಟೋ ಬಂತು. ಇಪ್ಪತ್ತಮೂರು ಸಾಲುಗಳು ಒಂದನ್ನೊಂದು ತಳ್ಳಿಕೊಂಡು, ಹೊರಡುತ್ತಿರುವ ಬಸ್ಸಿಗೆ ಹತ್ತುವ ಪ್ರಯಾಣಿಕರಂತೆ ಪರದೆಯ ಅಡಿಯಲ್ಲಿ ನುಗ್ಗಿದವು.

“ನೋಡ್ರೇ! ಅಣ್ಣತಮ್ಮಂದಿರು!” ಎಂದು ಅತ್ತೆ ತೊಡೆ ತಟ್ಟಿದರು. “ನಾನು ಯಾವಾಗಲೋ ಹೇಳಿರಲಿಲ್ವಾ? ಇಬ್ಬರ ಕಿವೀನೂ ಒಂದೇ ಥರ!”

“ಹೌದಜ್ಜೀ, ನೀವು ಹೇಳೇ ಇದ್ರಿ,” ಎಂದರು ಆರು ಮಂದಿ.

ಗ್ರಂಥಪಾಲಕರು ಗೋಡೆ ಬಿಟ್ಟು ಮುಂದೆ ಬಂದರು. “ಅತ್ತೇ, ಅವರು ಸ್ನೇಹಿತರು. ಕೆಳಗೆ ಬರೆದಿದೆಯಲ್ಲಾ?”

“ಎಲ್ಲಿ?”

“ಕೆಳಗೆ! ಅಕ್ಷರದಲ್ಲಿ!”

“ಓ, ಅದಾ?” ಅತ್ತೆ ಕರುಣೆಯಿಂದ ಹಿಂತಿರುಗಿ ನೋಡಿದರು. “ಅದನ್ನ ಮೊದಲನೇ ವಾರ ಓದೋಕೆ ನೋಡಿದೆ ಅಳಿಯಂದ್ರೇ. ಎರಡು ಪದ ಕೂಡಿಸೋದ್ರಲ್ಲಿ ಮಾಯ ಆಗ್ಬಿಡ್ತು. ಆಮೇಲೆ ಆ ಕಡೆ ನೋಡೋಕೇ ಹೋಗಲಿಲ್ಲ. ಮುಖ ನೋಡಿದ್ರೆ ಗೊತ್ತಾಗಲ್ವಾ ಏನು ಮಾತಾಡ್ತಾರೆ ಅಂತ? ನಾನೇ ಹೇಳಿಕೊಳ್ತೀನಿ. ಬೆಳಿಗ್ಗೆ ಇವರಿಗೂ ಹೇಳ್ತೀನಿ.”

ಹದಿನೆಂಟು ವರ್ಷದ ಸಂಭಾವನೆ ಆ ಕ್ಷಣವೇ ಮುಟ್ಟುಗೋಲಾಯಿತು. ಆದರೂ ಗ್ರಂಥಪಾಲಕರು ಮುಳುಗುವವರಂತೆ ಕೊನೆಯ ಕೈ ಬೀಸಿದರು: “ಅಣ್ಣತಮ್ಮ ಆದ್ರೆ, ತಮ್ಮನ ಮಗಳನ್ನ ಅಣ್ಣನ ಮಗ ಮದುವೆ ಆಗೋದು ಹೇಗೆ, ಅತ್ತೇ?”

“ಅಯ್ಯೋ, ಇವಳು ಅವನ ಮಗಳು ಅಂತ ನಿಮಗೆ ಯಾರು ಹೇಳಿದ್ರು? ಬಲೆ ಹೆಣೀತಾಳಲ್ಲ ಪಕ್ಕದ ಮನೆಯವಳು, ಅವಳ ಮಗಳಲ್ವಾ! ಪಾಪ, ತಾಯಿಗೆ ಬಿಡುವಿಲ್ಲ ಅಂತ ಇವರ ಮನೇಲಿ ಬೆಳೆದಳು. ಇಷ್ಟು ವರ್ಷ ನೋಡಿದ್ದೀರಿ, ಇದೂ ಗೊತ್ತಾಗಲಿಲ್ವಾ?”

“ಗಂಡಸರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತಜ್ಜೀ,” ಎಂದಳು ಮೂರನೆಯ ಮನೆಯಾಕೆ.

ಟೈಮ್‌ಕೀಪರ್ ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜಗಳು ಕುಲುಕುತ್ತಿದ್ದವು. ಗುಳಿಗೆ ಕೈಚೀಲದಿಂದ ಔಷಧಿ ಚೀಟಿಯ ಪುಸ್ತಕ ತೆಗೆದು, ಅತ್ತೆಯ ಬಾಯಿಂದ ಬಿದ್ದದ್ದನ್ನೆಲ್ಲ ಬರೆದುಕೊಳ್ಳಲಾರಂಭಿಸಿದಳು. ಪರದೆಯ ಮೇಲೆ ನೆರೆದ ನಾವಿಕರ ನಡುವೆ ಮದುಮಗಳು ನಿಧಾನವಾಗಿ ಮೆಟ್ಟಿಲಿಳಿದು ಬರುತ್ತಿದ್ದಳು. ಅವಳ ಆಗಮನಕ್ಕಾಗಿ ಗ್ರಂಥಪಾಲಕರು ಆ ಗಡಿಬಿಡಿಯಲ್ಲೂ ಕಡೆದಿಟ್ಟಿದ್ದ ಮೂರು ಸಾಲಿನ ವಾಕ್ಯವೊಂದು ಅಡಿಯಲ್ಲಿ ಗಂಭೀರವಾಗಿ ಮೂಡಿತು.

ಅತ್ತೆ ಕುತ್ತಿಗೆಯನ್ನು ಅತ್ತ ಚಾಚಿದರು, ಇತ್ತ ಚಾಚಿದರು.

“ಅಳಿಯಂದ್ರೇ, ಆ ಅಕ್ಷರಾನ ಸ್ವಲ್ಪ ತೆಗೆಸಿಬಿಡಿ. ಹುಡುಗಿ ಕಾಲಿಗೆ ಏನು ಹಾಕ್ಕೊಂಡಿದ್ದಾಳೆ ಅಂತ ಕಾಣಿಸ್ತಾ ಇಲ್ಲ.”

ಹೆಂಡತಿ ರಿಮೋಟನ್ನು ಗಂಡನ ಕೈಯಲ್ಲಿಟ್ಟಳು. ಬಳಗದ ಸ್ಥಾಪಕರು ಗುಂಡಿಯನ್ನು ತಾವೇ ಒತ್ತಿದರು.