ಡ್ರೋನ್ ಕೆಳಗೆ ಯಾರೂ ನಿಲ್ಲಬೇಡಿ

ತಬ್ಬಿಬ್ಬಾಗೋದು ನನ್ನ ಹಣೇಲೇ ಬರೆದಿದೆ, ಅದಕ್ಕೇ ಇಂಥವು ಹುಡುಕಿಕೊಂಡು ಬರುತ್ತವೆ. ಪರದೇಶದಲ್ಲಿ, ಹ್ಯಾರಿಸನ್ ಅನ್ನೋ ಊರಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ನನ್ನ ಕೆಲಸ. ಯಾರಾದರೂ ಡ್ರೋನ್ ಹಾರಿಸೋ ಮುಂಚೆ ಆ ಜಾಗ ನೋಡಿ, ಬಿದ್ದರೆ ಯಾರ ತಲೆ, ಯಾರ ಕಾರು ಅಂತ ಅಂದಾಜು ಹಾಕಿ ಸೈನ್ ಮಾಡಬೇಕು. ಬಾಸ್ ಮೊದಲೇ ಹೇಳಿದ್ದಳು: ನೀನು ಸೈನ್ ಮಾಡಿದ ಕಡೆ ಏನಾದರೂ ಒಡೆದರೆ ವಾಪಸ್ ಫೋನ್ ಎತ್ತೋ ಕೆಲಸಕ್ಕೆ. ಅದನ್ನು ಎರಡು ವರ್ಷ ಮಾಡಿದ್ದೀನಿ, ಆ ಹಿಂಸೆ ಶತ್ರುವಿಗೂ ಬೇಡ.

೧. ನೋಟಿಸ್

ಫೋರ್ಟ್ ಲೀಯ ಎತ್ತರದ ಅಪಾರ್ಟ್‌ಮೆಂಟ್. ಗೋಡೆ ಬಿರುಕು ನೋಡೋಕೆ ಡ್ರೋನ್. ಹತ್ತರಿಂದ ಹನ್ನೊಂದು ಗಂಟೆ ತನಕ ಕೆಳಗೆ ಯಾರೂ ನಿಲ್ಲಬೇಡಿ ಅಂತ ಲಿಫ್ಟ್‌ನಲ್ಲಿ ನೋಟಿಸ್ ಅಂಟಿಸಿದ್ದೆ. ಹೋಗಿ ನೋಡಿದರೆ ಕನ್ನಡದ ಆಂಟಿಯೊಬ್ಬರು ಮಡಚೋ ಕುರ್ಚಿ ಹಾಕಿಕೊಂಡು ಅಲ್ಲೇ ಕೂತಿದ್ದಾರೆ.

"ಆಂಟಿ, ಬರಬೇಡಿ ಅಂತ ನೋಟಿಸ್ ಹಾಕಿದ್ನಲ್ಲ?"

"ಅದನ್ನ ನೋಡೇ ಬಂದಿದ್ದಮ್ಮ. ಇಲ್ದಿದ್ರೆ ಇಲ್ಲಿ ಏನೋ ನಡೆಯುತ್ತೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

೨. ಲೆಕ್ಕ

ವುಡ್‌ಬ್ರಿಡ್ಜ್‌ನಲ್ಲಿ ಗೃಹಪ್ರವೇಶ. ಹೊಸ ಮನೆ ಬಾಗಿಲಲ್ಲಿ ಡ್ರೋನ್‌ನಿಂದ ಹೂಮಳೆ ಸುರಿಸಬೇಕಂತೆ. ಯಜಮಾನರಿಗೆ ಫೋನ್ ಮಾಡಿ, ಎಷ್ಟು ಜನ ಅಂತ ಕೇಳಿದೆ.

"ಐವತ್ತು."

ಐವತ್ತು ಜನ ನಿಲ್ಲೋಷ್ಟು ದೂರಕ್ಕೆ ಹಗ್ಗ ಕಟ್ಟಿಸಿದೆ. ಬೆಳಿಗ್ಗೆ ಹೋದರೆ ನೂರ ಇಪ್ಪತ್ತು! ಊರಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ, ಪಕ್ಕದ್ಮನೆಯವರು.

"ಐವತ್ತು ಅಂದ್ರಲ್ಲ ಅಂಕಲ್?"

"ಕರೆದಿದ್ದು ಐವತ್ತೇ. ಎಷ್ಟು ಜನ ಬರ್ತಾರೆ ಅಂತ ನೀನು ಕೇಳಲಿಲ್ವಲ್ಲ."

೩. ಸೈನ್

ಗೊಣಗಿಕೊಂಡೇ ಹಗ್ಗ ಇನ್ನೂ ಹಿಂದಕ್ಕೆ ಕಟ್ಟಿಸಿದೆ. ಕಾರುಗಳನ್ನೆಲ್ಲ ಮುಂದಿನ ಬೀದಿಗೆ ಕಳಿಸಿದೆ. ನನ್ನ ಕಾರು ಮಾತ್ರ ಡ್ರೈವ್‌ವೇ ಪಕ್ಕದಲ್ಲೇ ಇತ್ತು. ಡ್ರೋನ್ ಯಾವ ಕಡೆಯಿಂದ ಬರುತ್ತೆ ಅಂತ ನನಗೆ ಗೊತ್ತಲ್ಲ, ಅದಕ್ಕಿಂತ ಸೇಫ್ ಜಾಗ ಇನ್ನೊಂದಿರಲಿಲ್ಲ. ಸೈನ್ ಮಾಡಿದೆ.

ಹಾರಿಸೋನೂ ನಮ್ಮವನೇ, ದಾವಣಗೆರೆಯವನು. ಡ್ರೋನ್‌ಗೆ ಕುಂಕುಮ ಇಟ್ಟು, ಕಾಲಿನ ಕೆಳಗೆ ನಿಂಬೆಹಣ್ಣು ಇಟ್ಟ. ಯಜಮಾನರ ಅಣ್ಣ ತೆಂಗಿನಕಾಯಿ ತಗೊಂಡು ಡ್ರೋನ್‌ಗೆ ಮೂರು ಸುತ್ತು ನಿವಾಳಿಸಿದರು. ನಾನೂ ಕಣ್ಣು ಮುಚ್ಚಿ ಕೈಮುಗಿದೆ. ಡ್ರೈವ್‌ವೇ ಮೇಲೆ ಈಡುಗಾಯಿ ಒಡೆದ ಸದ್ದು ಕೇಳಿಸಿತು, ಹಿಂದೆಯೇ ಇನ್ನೊಂದು ಸದ್ದು. ಕಣ್ಣು ಬಿಟ್ಟರೆ ನನ್ನ ಕಾರಿನ ಹಿಂದಿನ ಲೈಟ್ ಪುಡಿಪುಡಿ. ಚಿಪ್ಪು ಅದರೊಳಗೇ ಕೂತಿತ್ತು.

"ಬಿಡಮ್ಮ, ದೃಷ್ಟಿ ಕಾರಿಗೆ ಹೋಯ್ತು" ಅಂದರು ಯಜಮಾನರ ಅಣ್ಣ.

ಆಮೇಲೆ ಡ್ರೋನ್ ಹಾರಿತು, ಹೂ ಸುರಿಸಿತು, ಸೀದಾ ಬಂದು ಇಳಿಯಿತು. ನನಗೆ ಮಾತ್ರ ಅಳು ಬರೋದೊಂದು ಬಾಕಿ. ಬಾಸ್‌ಗೆ ಫೋನ್ ಮಾಡಿ, ನನ್ನ ಕಾರಿನ ಲೈಟ್ ಒಡೆಯಿತು ಅಂದೆ.

"ಡ್ರೋನ್ ಬಂದು ಹೊಡೀತಾ?"

"ಇಲ್ಲ, ತೆಂಗಿನಕಾಯಿ."

"ಅಲ್ಲಿ ತೆಂಗಿನಮರ ಇದೆಯಾ?"

"ಇಲ್ಲ. ನಾವೇ ಒಡೆದಿದ್ದು."

"ಯಾಕೆ?"

"ಏನೂ ಅಪಾಯ ಆಗದಿರಲಿ ಅಂತ."

ಮತ್ತೆ ಫೋನ್ ಎತ್ತೋ ಕೆಲಸವೇ ಗತಿ ಅಂದುಕೊಂಡೆ.

"ಡ್ರೋನ್ ಹೇಗಿದೆ?"

"ಒಂದು ಗೀರೂ ಬಿದ್ದಿಲ್ಲ."

"ಜನ?"

"ಎಲ್ಲಾ ಊಟಕ್ಕೆ ಕೂತಿದ್ದಾರೆ."

"ಅಂದ್ರೆ ಆ ತೆಂಗಿನಕಾಯಿ ಕೆಲಸ ಮಾಡ್ತು ಅಂತಾಯ್ತು" ಅಂದಳು ಬಾಸ್. "ನಾಳೆ ಸೈಟ್‌ಗೂ ಒಂದು ತಗೊಂಡು ಹೋಗು. ಕಾರು ಮಾತ್ರ ದೂರ ನಿಲ್ಲಿಸು."